ಶೇಕ್ಸ್‌ಪಿಯರ್‌ನ ನಾಟಕ ಮ್ಯಾಕ್‌ಬೆತ್ ಆಡುವಾಗ ಅದರ ಹೆಸರು ಹೇಳಬಾರದೇ? ತಾಲೀಮಿನಲ್ಲಿ ಯಾವುದಕ್ಕೆ ಹೆದರಬೇಕು?

ನಾಟಕಕ್ಕೆ ಶಾಪವಿದೆ, ಹೆಸರು ಹೇಳಬಾರದು ಎಂಬುದು ಇಂಗ್ಲಿಷ್ ರಂಗಭೂಮಿಯ ನಂಬಿಕೆ. ರಂಗಮಂದಿರದೊಳಗೆ ಅದನ್ನು 'ಸ್ಕಾಟಿಷ್ ನಾಟಕ' ಎನ್ನುತ್ತಾರೆ. ಬಾಯಿತಪ್ಪಿ ಹೆಸರು ಹೇಳಿದವರು ಹೊರಗೆ ಹೋಗಿ, ಮೂರು ಸುತ್ತು ತಿರುಗಿ, ಉಗಿದು, ಬಾಗಿಲು ತಟ್ಟಿ ಒಳಗೆ ಬರಬೇಕು. ತಾಲೀಮಿನಲ್ಲಿ ಪಾತ್ರದ ಹೆಸರು ಹೇಳಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ತಂಡದಲ್ಲಿ ನಂಬುವವರಿದ್ದರೆ ಗೌರವಿಸಿ, ನಟನ ಮನಸ್ಸು ನೆಮ್ಮದಿಯಾಗಿರುವುದು ಮುಖ್ಯ.

ಶಾಪಕ್ಕೆ ಸಾಕ್ಷಿಯೆಂದು, ಮ್ಯಾಕ್‌ಬೆತ್ ಪ್ರದರ್ಶನದ ವೇಳೆ ನಡೆದ 1849ರ ನ್ಯೂಯಾರ್ಕಿನ ಆಸ್ಟರ್ ಪ್ಲೇಸ್ ಗಲಭೆಯನ್ನು ಹೇಳುವುದುಂಟು. ಅಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತದ್ದು ನಿಜ. ಆದರೆ ಕಿಡಿ ಹೊತ್ತಿದ್ದು ಮ್ಯಾಕ್ರೆಡಿ, ಫಾರೆಸ್ಟ್ ಎಂಬ ಇಬ್ಬರು ನಟರ ಅಭಿಮಾನಿಗಳ ಜಗಳದಿಂದ.

ನಿಜವಾದ ಅಪಾಯ ಮಂದ ಬೆಳಕು ಮತ್ತು ಕತ್ತಿವರಸೆ. ಕೊನೆಯ ಕಾಳಗದ ಹೊತ್ತಿಗೆ ನಾಯಕ ನಟ ದಣಿದಿರುತ್ತಾನೆ, ತೋಳು ತಡವಾಗಿ ಏಳುತ್ತದೆ. ಆದ್ದರಿಂದ ಪ್ರತಿ ಪ್ರದರ್ಶನಕ್ಕೂ ಮುಂಚೆ, ಪ್ರೇಕ್ಷಕರು ಬರುವ ಮೊದಲೇ, ಕಾಳಗವನ್ನು ಒಮ್ಮೆ ಅರ್ಧ ವೇಗದಲ್ಲಿ, ಒಮ್ಮೆ ಪೂರ್ತಿ ವೇಗದಲ್ಲಿ ಮಾಡಿ. ಅದೇ ಬೂಟು, ಅದೇ ಬೆಳಕು. ಹರಿತವಿಲ್ಲದ ಕತ್ತಿಯೂ ಕಣ್ಣು ತೆಗೆಯಬಲ್ಲದು. ತುದಿ ಎಂದೂ ಮುಖದತ್ತ ಬೇಡ. ಹಿಡಿ ಅಲುಗಾಡಿದರೆ ಅಂದು ಅದನ್ನು ಬಳಸಲೇಬೇಡಿ.

ನಾಟಕದಲ್ಲಿ ರಾಜ ಡಂಕನ್‌ನ ಕೊಲೆಯ ನಂತರದ ರಕ್ತವನ್ನು ಮರೆಯಬೇಡಿ. ಸಕ್ಕರೆ ಪಾಕದ ಕೃತಕ ರಕ್ತ ಹಸಿಯಿದ್ದಾಗ ಜಾರುತ್ತದೆ, ಒಣಗಿದರೆ ಅಂಗಾಲಿಗೆ ಅಂಟುತ್ತದೆ. ಅಂಗೈಗೆ ಒಂದು ಚಮಚ ಸಾಕು. ಪಕ್ಕದ ಪರದೆಯ ಹಿಂದೆ ಒದ್ದೆ ಬಟ್ಟೆ, ಬಕೆಟ್ ಇಟ್ಟು, ಒರೆಸಲು ಒಬ್ಬರನ್ನು ನೇಮಿಸಿ.