ಒಂದೊಂದೇ ಓಡಿಸಿದರೆ ಪಾಸ್, ಒಟ್ಟಿಗೆ ಓಡಿಸಿದರೆ ಫೇಲ್: ಜಾಸ್ಮಿನ್ ಟೆಸ್ಟ್‌ಗಳ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಬಿಲ್ಲಿಂಗ್ ಆ್ಯಪ್‌ನ ಜಾವಾಸ್ಕ್ರಿಪ್ಟ್ ಕೋಡಿಗೆ ಜಾಸ್ಮಿನ್‌ನಲ್ಲಿ (ಜಾವಾಸ್ಕ್ರಿಪ್ಟ್ ಕೋಡನ್ನು ಪರೀಕ್ಷಿಸುವ ಸಾಧನ) ಸುಮಾರು 40 ಟೆಸ್ಟ್ ಬರೆದಿದ್ದೇನೆ. ಒಂದೊಂದೇ ಓಡಿಸಿದರೆ ಎಲ್ಲವೂ ಪಾಸ್. ಒಟ್ಟಿಗೆ ಓಡಿಸಿದರೆ ಒಮ್ಮೊಮ್ಮೆ ಎರಡು ಫೇಲ್ ಆಗುತ್ತವೆ. ರ‍್ಯಾಂಡಮ್ ಆಫ್ ಮಾಡಿದರೆ ತೊಂದರೆಯೇ ಇಲ್ಲ. ಹಾಗೇ ಬಿಡಬಹುದೇ?

ದಯವಿಟ್ಟು ಬಿಡಬೇಡಿ. 3.0 ಆವೃತ್ತಿಯಿಂದೀಚೆಗೆ ಜಾಸ್ಮಿನ್ ತಾನಾಗಿಯೇ ಪ್ರತಿ ಸಲವೂ ಟೆಸ್ಟ್‌ಗಳ ಕ್ರಮ ಬದಲಿಸುತ್ತದೆ. ಒಂದು ಟೆಸ್ಟ್ ಉಳಿಸಿಹೋದ ಕಸವನ್ನು ಇನ್ನೊಂದು ತುಳಿಯುತ್ತಿದ್ದರೆ ಅದು ಬಯಲಾಗಲಿ ಎಂದೇ ಈ ವ್ಯವಸ್ಥೆ. ಆಫ್ ಮಾಡಿದರೆ ಕಸ ಅಲ್ಲೇ ಇರುತ್ತದೆ, ಕಾಣಿಸುವುದಿಲ್ಲ ಅಷ್ಟೆ.

ಮೊದಲು ಫೇಲ್ ಆದ ಓಟವನ್ನು ಹಿಡಿದಿಟ್ಟುಕೊಳ್ಳಿ. ಔಟ್‌ಪುಟ್ಟಿನ ಕೊನೆಯಲ್ಲಿ ಸೀಡ್ ಸಂಖ್ಯೆ, ಅಂದರೆ ಆ ಸಲದ ಕ್ರಮವನ್ನು ಗುರುತಿಸುವ ಸಂಖ್ಯೆ ಇರುತ್ತದೆ. ಅದು 43210 ಆಗಿದ್ದರೆ `ಎನ್‌ಪಿಎಕ್ಸ್ ಜಾಸ್ಮಿನ್ --ಸೀಡ್=43210` ಎಂದು ಓಡಿಸಿ; ಅದೇ ಕ್ರಮ ಮತ್ತೆ ಬರುತ್ತದೆ. ಫೇಲ್ ಆಗುವ ಟೆಸ್ಟಿಗಿಂತ ಮುಂಚೆ ಯಾವುವು ಓಡಿವೆ ನೋಡಿ, ಒಂದೊಂದನ್ನೇ `ಎಕ್ಸ್‌ಇಟ್` ಮಾಡಿ (ಟೆಸ್ಟ್ ಬರೆಯುವ `ಇಟ್` ಮುಂದೆ ಎಕ್ಸ್ ಸೇರಿಸಿದರೆ ಆ ಟೆಸ್ಟ್ ಓಡುವುದಿಲ್ಲ) ಪಕ್ಕಕ್ಕಿಡುತ್ತಾ ಬನ್ನಿ. ಯಾವುದನ್ನು ತೆಗೆದಾಗ ಫೇಲ್ ನಿಲ್ಲುತ್ತದೋ ಅದೇ ಕಾರಣ.

ಸಾಮಾನ್ಯವಾಗಿ ಸಿಗುವುದು ಇಂಥದ್ದು: ಟೆಸ್ಟ್‌ಗಳನ್ನು ಗುಂಪು ಮಾಡುವ `ಡಿಸ್ಕ್ರೈಬ್` ಒಳಗೆ, ಮೇಲುಗಡೆ, `ಕಾನ್ಸ್ಟ್ ಕಾರ್ಟ್ = ನ್ಯೂ ಕಾರ್ಟ್()` ಎಂಬ ಸಾಲು. `ಡಿಸ್ಕ್ರೈಬ್` ಒಳಗಿನ ಕೋಡ್ ಒಮ್ಮೆ ಮಾತ್ರ ಓಡುತ್ತದೆ, ಅದೂ ಟೆಸ್ಟ್‌ಗಳು ಶುರುವಾಗುವ ಮುಂಚೆ. ಹಾಗಾಗಿ ಆ ಒಂದೇ ಕಾರ್ಟನ್ನು ಎಲ್ಲ ಟೆಸ್ಟ್‌ಗಳೂ ಹಂಚಿಕೊಳ್ಳುತ್ತವೆ. ಒಂದು ಟೆಸ್ಟ್ ಎರಡು ಐಟಂ ಹಾಕಿ ಹೋಗುತ್ತದೆ. ಆಮೇಲೆ ಬಂದ ‘ಹೊಸ ಕಾರ್ಟ್ ಖಾಲಿ ಇರಬೇಕು’ ಎಂಬ ಟೆಸ್ಟಿಗೆ 0 ಬದಲು 2 ಸಿಗುತ್ತದೆ. ಮೇಲೆ `ಲೆಟ್ ಕಾರ್ಟ್` ಎಂದಷ್ಟೇ ಬರೆದು, ಪ್ರತಿ ಟೆಸ್ಟಿಗೂ ಮುಂಚೆ ಓಡುವ `ಬಿಫೋರ್‌ಈಚ್` ಒಳಗೆ ಹೊಸ ಕಾರ್ಟ್ ಕಟ್ಟಿ.

ಅಲ್ಲಿ ಸಿಗದಿದ್ದರೆ ಲೋಕಲ್‌ಸ್ಟೋರೇಜ್ (ಬ್ರೌಸರ್ ಡೇಟಾ ಉಳಿಸಿಡುವ ಜಾಗ) ಮತ್ತು ಗ್ಲೋಬಲ್ ವೇರಿಯಬಲ್‌ಗಳನ್ನು ನೋಡಿ. ಕೈಯಾರೆ ಬದಲಿಸಿದ ಫಂಕ್ಷನ್‌ಗಳನ್ನೂ ಹುಡುಕಿ: `ಸ್ಪೈಆನ್` ಬಳಸಿ ಹಾಕಿದ ಸ್ಪೈಯನ್ನು (ಫಂಕ್ಷನ್ ಜಾಗದಲ್ಲಿ ಕೂರಿಸಿದ ನಕಲನ್ನು) ಟೆಸ್ಟ್ ಮುಗಿದ ಮೇಲೆ ಜಾಸ್ಮಿನ್ ತಾನೇ ತೆಗೆಯುತ್ತದೆ, ಆದರೆ ನೀವೇ ಸಮಚಿಹ್ನೆ ಹಾಕಿ ಕೂರಿಸಿದ ನಕಲಿ ಫಂಕ್ಷನ್ ಹಾಗೇ ಉಳಿಯುತ್ತದೆ.

ಪ್ರಶ್ನೆ: ಸರ್ವರ್‌ನಿಂದ ಒಟ್ಟು ಮೊತ್ತ ತರುವ ಫಂಕ್ಷನ್ ತಪ್ಪು ಉತ್ತರ ಕೊಡುತ್ತಿದೆ, ಆದರೂ ಟೆಸ್ಟ್ ಹಸಿರು ತೋರಿಸುತ್ತಿದೆ. ಹೇಗೆ?

ಟೆಸ್ಟ್ ಉತ್ತರಕ್ಕೆ ಕಾಯುತ್ತಲೇ ಇಲ್ಲ. ಬಹುಶಃ `ಮೊತ್ತತರು().ದೆನ್(...)` ಎಂದು ಬರೆದು ಒಳಗೆ ಫಲಿತಾಂಶ ಪರೀಕ್ಷಿಸುವ `ಎಕ್ಸ್‌ಪೆಕ್ಟ್` ಇಟ್ಟಿದ್ದೀರಿ, ಪ್ರಾಮಿಸನ್ನು (ಮುಂದೆ ಬರಲಿರುವ ಉತ್ತರವನ್ನು ಪ್ರತಿನಿಧಿಸುವ ಆಬ್ಜೆಕ್ಟನ್ನು) ರಿಟರ್ನ್ ಮಾಡಿಲ್ಲ. ಉತ್ತರ ಬರುವ ಮೊದಲೇ `ಇಟ್` ಮುಗಿದಿರುತ್ತದೆ. ಆ ಟೆಸ್ಟಿನಲ್ಲಿ ಎಕ್ಸ್‌ಪೆಕ್ಟೇಶನ್ನೇ ಇಲ್ಲ ಎಂದು ರಿಪೋರ್ಟ್ ಹೇಳುತ್ತಿದ್ದರೆ ಅದನ್ನು ಕಡೆಗಣಿಸಬೇಡಿ. ಫಂಕ್ಷನ್ನನ್ನು `ಅಸಿಂಕ್` ಮಾಡಿ, `ಕಾನ್ಸ್ಟ್ ಮೊತ್ತ = ಅವೇಟ್ ಮೊತ್ತತರು()` ಎಂದು ಬರೆದು, ಮುಂದಿನ ಸಾಲಿನಲ್ಲಿ ನಿರೀಕ್ಷಿಸಿದ ಮೊತ್ತ, ಉದಾಹರಣೆಗೆ 118, ಬಂತೇ ನೋಡಿ. ಪ್ರಾಮಿಸ್‌ಗಳಿಗೆಂದೇ ಇರುವ `ಎಕ್ಸ್‌ಪೆಕ್ಟ್‌ಅಸಿಂಕ್` ಬಳಸಿದರೂ ಅದರ ಮುಂದೆ `ಅವೇಟ್` ಬೇಕೇ ಬೇಕು. ಅನೇಕರು ಮರೆಯುವುದು ಇಲ್ಲೇ. `ಅಸಿಂಕ್` ಜೊತೆಗೆ `ಡನ್` (ಟೆಸ್ಟ್ ಮುಗಿಯಿತು ಎಂದು ತಿಳಿಸಲು ಕರೆಯುವ ಫಂಕ್ಷನ್) ಕೂಡ ಹಾಕಬೇಡಿ, ಜಾಸ್ಮಿನ್ ಎರರ್ ಕೊಡುತ್ತದೆ.

5 ಸೆಕೆಂಡಿನ ಟೈಮೌಟ್ ಬಂದರೆ ತಕ್ಷಣ ಅವಧಿ ಹೆಚ್ಚಿಸಲು ಹೋಗಬೇಡಿ. ಯಾವುದೋ ದಾರಿಯಲ್ಲಿ `ಡನ್` ಕರೆದಿಲ್ಲ, ಇಲ್ಲವೇ ಪ್ರಾಮಿಸ್ ಮುಗಿಯುತ್ತಿಲ್ಲ. ಬಹುಪಾಲು ಇದೇ ಕಾರಣ.

ಹೊಸ ಟೆಸ್ಟ್ ಬರೆದಾಗಲೆಲ್ಲ ಒಮ್ಮೆ ಬೇಕೆಂದೇ ಕೆಡಿಸಿ ನೋಡಿ. 118 ಇದ್ದಲ್ಲಿ 119 ಹಾಕಿ. ಕೆಂಪಾಗದಿದ್ದರೆ ಆ ಟೆಸ್ಟ್ ಏನನ್ನೂ ಪರೀಕ್ಷಿಸುತ್ತಿಲ್ಲ. ಅರ್ಧ ನಿಮಿಷದ ಕೆಲಸ, ಈ ಅಭ್ಯಾಸಕ್ಕಿಂತ ಹೆಚ್ಚು ಉಪಕಾರ ಮಾಡುವಂಥದ್ದು ನಮಗೆ ಬೇರೆ ಕಂಡಿಲ್ಲ.

ಪ್ರಶ್ನೆ: ಬಂದ ಉತ್ತರವನ್ನು ಹೋಲಿಸಲು `ಟುಬಿ` ಎಲ್ಲಿ ಬಳಸಬೇಕು, `ಟುಈಕ್ವಲ್` ಎಲ್ಲಿ?

ಸಂಖ್ಯೆ, ಸ್ಟ್ರಿಂಗ್, ಬೂಲಿಯನ್‌ಗೆ `ಟುಬಿ`. ಅದು ಮೂರು ಸಮಚಿಹ್ನೆಯ ಹೋಲಿಕೆ. ಅರೇ, ಆಬ್ಜೆಕ್ಟ್‌ಗಳ ಒಳಗಿನ ಮೌಲ್ಯ ಹೋಲಿಸಲು `ಟುಈಕ್ವಲ್`. ದಶಮಾಂಶಕ್ಕೆ ಎರಡೂ ಬೇಡ: 0.1 + 0.2 ಕೂಡಿಸಿದರೆ ಜಾವಾಸ್ಕ್ರಿಪ್ಟ್ ಕೊಡುವುದು 0.30000000000000004. ಅಲ್ಲಿ `ಟುಬಿಕ್ಲೋಸ್‌ಟು(0.3, 2)` ಬಳಸಿ; 2 ಎಂದರೆ ಸುಮಾರು ಎರಡು ದಶಮಾಂಶ ಸ್ಥಾನದವರೆಗಿನ ನಿಖರತೆ. ಬಿಲ್ಲಿಂಗ್ ಕೋಡ್ ಆದರೆ ಹಣವನ್ನು ಪೈಸೆಯ ಪೂರ್ಣಾಂಕದಲ್ಲಿ ಇಡುವುದೇ ಮೇಲು, ಆಗ `ಟುಬಿ` ಸಾಕು.

ಪ್ರಶ್ನೆ: ಮಾರ್ಚ್ 31ರಂದು ಆರ್ಥಿಕ ವರ್ಷ ಸರಿಯಾಗಿ ಬರುತ್ತದೆಯೇ ಎಂದು ಪರೀಕ್ಷಿಸಬೇಕು. ಆ ದಿನದವರೆಗೆ ಕಾಯಲಾಗದಲ್ಲ!

ಜಾಸ್ಮಿನ್‌ನ ನಕಲಿ ಗಡಿಯಾರ ಬಳಸಿ: `ಬಿಫೋರ್‌ಈಚ್` ಒಳಗೆ `ಜಾಸ್ಮಿನ್.ಕ್ಲಾಕ್().ಇನ್‌ಸ್ಟಾಲ್()`, ಆಮೇಲೆ `ಜಾಸ್ಮಿನ್.ಕ್ಲಾಕ್().ಮಾಕ್‌ಡೇಟ್(ನ್ಯೂ ಡೇಟ್(2025, 2, 31))`. ತಿಂಗಳ ಎಣಿಕೆ 0ಯಿಂದ ಶುರು, ಹಾಗಾಗಿ ಮಾರ್ಚ್ ಎಂದರೆ 2. ಅಲ್ಲಿ 3 ಬರೆದರೆ ಏಪ್ರಿಲ್‌ನಲ್ಲಿ 31 ಇಲ್ಲದ್ದರಿಂದ ಎರರ್ ಕೂಡ ಬಾರದೆ ಮೇ 1 ಆಗಿಬಿಡುತ್ತದೆ. `ಟಿಕ್(1000)` ಎಂದರೆ ಒಂದು ಸೆಕೆಂಡ್ ಮುಂದಕ್ಕೆ. ಇದು ಟೈಮರ್‌ಗಳನ್ನು ಓಡಿಸುತ್ತದೆ, ಪ್ರಾಮಿಸ್‌ಗಳನ್ನಲ್ಲ. ಅವಕ್ಕೆ `ಅವೇಟ್` ಬೇಕು. `ಆಫ್ಟರ್‌ಈಚ್`ನಲ್ಲಿ `ಅನ್‌ಇನ್‌ಸ್ಟಾಲ್()` ಮರೆತರೆ ಮುಂದಿನ ಟೆಸ್ಟ್‌ಗಳಿಗೂ ಅದೇ ನಕಲಿ ಗಡಿಯಾರ ಸಿಗುತ್ತದೆ, ನೀವು ಮತ್ತೆ ಮೊದಲ ಪ್ರಶ್ನೆಗೇ ಬಂದು ನಿಲ್ಲುತ್ತೀರಿ.