ಕಣ್ಣಿಗೆ ಬಟ್ಟೆ ಕಟ್ಟಬೇಡಿ, ಮೌಸ್ ಪಕ್ಕಕ್ಕಿಡಿಸಿ

ಡಿಸೆಂಬರ್ 3ರ ವಿಶ್ವ ಅಂಗವಿಕಲರ ದಿನಕ್ಕೆ ಆಫೀಸಿನಲ್ಲಿ ತರಬೇತಿ ಇಡುತ್ತಿದ್ದೀರಿ. ಎಲ್ಲರ ಕಣ್ಣಿಗೂ ಬಟ್ಟೆ ಕಟ್ಟಿ ಹತ್ತು ನಿಮಿಷ ಓಡಾಡಿಸಿದರೆ ಹೇಗೆ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ನಾನು ಹುಟ್ಟಿನಿಂದ ಅಂಧ. ಬೆಂಗಳೂರಿನಲ್ಲಿ ಒಂಬತ್ತು ವರ್ಷದಿಂದ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡುತ್ತಿದ್ದೇನೆ.

ನನ್ನ ಹಿಂದಿನ ಆಫೀಸಿನಲ್ಲಿ ಇದೇ ಆಟ ಆಡಿಸಿದ್ದರು. ಜನ ಕುರ್ಚಿಗೆ ಎಡವಿದರು, ಗೋಡೆ ತಡವಿದರು, ಒಬ್ಬರು ಅತ್ತೇಬಿಟ್ಟರು. ಆಮೇಲೆ ಒಬ್ಬೊಬ್ಬರಾಗಿ ಬಂದು ನನ್ನ ಕೈ ಹಿಡಿದು "ನಿಮ್ಮ ಕಷ್ಟ ಈಗ ಗೊತ್ತಾಯ್ತು" ಅಂದರು. ಮಾರನೇ ದಿನ ಅದೇ ತಂಡದಿಂದ ಒಂದು ಪಿಡಿಎಫ್ ಬಂತು. ಕಾಗದವನ್ನು ಸ್ಕ್ಯಾನ್ ಮಾಡಿ ಕಳಿಸಿದ್ದರು, ಅಂದರೆ ಬರೀ ಫೋಟೋ. ಪರದೆಯಲ್ಲಿರೋ ಅಕ್ಷರಗಳನ್ನು ದನಿಯಲ್ಲಿ ಓದಿ ಹೇಳೋ ಸಾಫ್ಟ್‌ವೇರ್, ಅಂದರೆ ನನ್ನ ಸ್ಕ್ರೀನ್ ರೀಡರ್‌ಗೆ, ಅದರಲ್ಲಿ ಓದೋಕೆ ಒಂದಕ್ಷರವೂ ಸಿಗಲಿಲ್ಲ. ನನ್ನ ಕಷ್ಟ ಅಂದರೆ ಅದು. ಅದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಬಟ್ಟೆ ಕಟ್ಟಿಕೊಂಡವರಿಗೆ ಸಿಗೋದು ಕಣ್ಣು ಹೋದ ಮೊದಲ ಹತ್ತು ನಿಮಿಷದ ಗಾಬರಿ. ನನಗೆ ಆ ಗಾಬರಿ ಇಲ್ಲ. ಕೋಲು ಹಿಡಿದು ಮೆಟ್ರೋ ಹತ್ತಿ ಬರುತ್ತೇನೆ. ಸ್ಕ್ರೀನ್ ರೀಡರನ್ನು ನಾನು ಇಟ್ಟುಕೊಳ್ಳುವ ವೇಗದಲ್ಲಿ ಕೇಳಿದರೆ ಪಕ್ಕದವರಿಗೆ ಜೇನು ಗುಂಯ್‌ಗುಟ್ಟಿದ ಹಾಗಿರುತ್ತದೆ. "ಅಯ್ಯೋ ಪಾಪ" ಅಂದುಕೊಂಡು ಎದ್ದು ಹೋದವರು ನಾಳೆ ನನಗೆ ಜವಾಬ್ದಾರಿಯ ಕೆಲಸ ಕೊಡೋಕೆ ಹಿಂದೆಮುಂದೆ ನೋಡುತ್ತಾರೆ. ಬಡ್ತಿ ತಪ್ಪೋದೂ ಹೀಗೇ ಅಲ್ವಾ?

ಬದಲಿಗೆ ಇದನ್ನು ಮಾಡಿಸಿ. ಎಲ್ಲರೂ ಮೌಸ್ ಪಕ್ಕಕ್ಕಿಟ್ಟು, ಟ್ಯಾಬ್ ಮತ್ತು ಎಂಟರ್ ಕೀ ಒತ್ತುತ್ತಾ ನಿಮ್ಮದೇ ಕಂಪನಿ ಪೋರ್ಟಲ್‌ನಲ್ಲಿ ಒಂದು ದಿನದ ರಜೆ ಹಾಕಲಿ. ನಾವು ಮೌಸ್ ಬಳಸುವುದಿಲ್ಲ, ಕೀಬೋರ್ಡೇ ನಮ್ಮ ದಾರಿ. ದಿನಾಂಕದ ಕ್ಯಾಲೆಂಡರ್ ಹತ್ತಿರ ಬಂದಾಗ ಬಹಳ ಜನ ಸಿಕ್ಕಿಹಾಕಿಕೊಳ್ಳುತ್ತಾರೆ ನೋಡಿ. ಇಲ್ಲಿ ಪರೀಕ್ಷೆ ಆಗೋದು ಪೋರ್ಟಲ್‌ಗೆ, ಮನುಷ್ಯನಿಗಲ್ಲ. ಎನ್‌ವಿಡಿಎ ಅಂತ ಉಚಿತ ಸ್ಕ್ರೀನ್ ರೀಡರ್ ಇದೆ, ಅದನ್ನೂ ಹಾಕಿ ಕೇಳಿಸಿ.

ಮೀಟಿಂಗ್ ಬಗ್ಗೆ ಒಂದು ಮಾತು. ಸ್ಕ್ರೀನ್ ಶೇರ್ ಮಾಡಿ "ಇಲ್ಲಿ ನೋಡಿ, ಈ ನಂಬರ್ ಜಾಸ್ತಿ ಆಗಿದೆ" ಅಂದರೆ ನನಗೆ ಏನೂ ತಲುಪುವುದಿಲ್ಲ. ಶೇರ್ ಮಾಡಿದ ಪರದೆಯಲ್ಲಿರುವುದು ಸ್ಕ್ರೀನ್ ರೀಡರ್‌ಗೆ ಬರೀ ಚಿತ್ರ. ಫೈಲ್ ಮೊದಲೇ ಕಳಿಸಿ, ಮಾತಾಡುವಾಗ ಕಾಲಂ ಹೆಸರು, ಅಂಕಿ ಬಾಯಲ್ಲಿ ಹೇಳಿ. ಕಿವಿ ಕೇಳದವರಿಗೆ ಕ್ಯಾಪ್ಶನ್ ಆನ್ ಮಾಡಿ, ಒಬ್ಬರಾದ ಮೇಲೆ ಒಬ್ಬರು ಮಾತಾಡಿ. ಟೀ ತಂದುಕೊಟ್ಟರೆ ಸುಮ್ನೆ ಇಟ್ಟು ಹೋಗಬೇಡಿ, "ಟೀ ಕೀಬೋರ್ಡಿನ ಬಲಕ್ಕಿದೆ" ಅನ್ನಿ. ದಾರಿ ತೋರಿಸುವಾಗ ನಮ್ಮ ತೋಳು ಹಿಡಿದು ಎಳೆಯಬೇಡಿ. ಬೇಕಾ ಅಂತ ಕೇಳಿ ನಿಮ್ಮ ಮೊಣಕೈ ಕೊಡಿ.

ಮ್ಯಾನೇಜರ್‌ಗಳಿಗೆ ಕಾನೂನನ್ನೂ ಹೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಖಾಸಗಿ ಕಂಪನಿಗಳೂ ಸಮಾನ ಅವಕಾಶ ನೀತಿ ಪ್ರಕಟಿಸಬೇಕು ಅನ್ನುತ್ತದೆ. 20 ಅಥವಾ ಅದಕ್ಕಿಂತ ಹೆಚ್ಚು ಜನ ಇದ್ದರೆ ಯಾವ ಹುದ್ದೆಗಳು ಸರಿಹೊಂದುತ್ತವೆ, ಏನೇನು ಸೌಲಭ್ಯ ಕೊಡುತ್ತೀರಿ, ಅಂಗವಿಕಲ ನೌಕರರ ನೇಮಕಾತಿ, ಸೌಲಭ್ಯ ನೋಡಿಕೊಳ್ಳುವ ಸಂಪರ್ಕ ಅಧಿಕಾರಿಯ ನೇಮಕ, ಎಲ್ಲವೂ ಅದರಲ್ಲಿರಬೇಕು. ನಿಮ್ಮಲ್ಲಿ ಅದಿದೆಯಾ? ಮೊದಲು ಹುಡುಕಿ.

1995ರ ಕಾಯ್ದೆಯಲ್ಲಿ ಇದ್ದಿದ್ದು 7 ಬಗೆಯ ಅಂಗವೈಕಲ್ಯ. ಈಗ 21. ಮಾನಸಿಕ ಕಾಯಿಲೆ ಮೊದಲೇ ಇತ್ತು, ಈಗ ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ, ಪಾರ್ಕಿನ್ಸನ್, ಕಲಿಕೆಯ ತೊಂದರೆ ಎಲ್ಲ ಸೇರಿವೆ. ಅಂಥವರು ಆ ದಿನ ನಿಮ್ಮ ಹಾಲ್‌ನಲ್ಲೇ ಕೂತಿರಬಹುದು, ಯಾರಿಗೂ ಹೇಳಿಕೊಂಡಿರದೆ ಇರಬಹುದು. ಹಾಗಾಗಿ "ಇಲ್ಲಿ ಯಾರ್ಯಾರಿಗಿದೆ, ಕೈ ಎತ್ತಿ" ಅಂತ ಕೇಳಲೇಬೇಡಿ. ಆಮೇಲೆ ಒಬ್ಬರೇ ಬಂದು ಮಾತಾಡೋಕೆ ಯಾರ ಹತ್ತಿರ ಹೋಗಬೇಕು ಅಂತ ಹೇಳಿ.

ತರಬೇತಿ ಕೊಡೋರು ಅಂಗವಿಕಲರೇ ಆಗಿರಲಿ. ಬೆಂಗಳೂರಿನಲ್ಲಿ ಅಂಗವಿಕಲರಿಗಾಗಿ ಕೆಲಸ ಮಾಡುವ ಎನೇಬಲ್ ಇಂಡಿಯಾ, ಸಮರ್ಥನಂ ಥರದ ಸಂಸ್ಥೆಗಳಿವೆ, ವಿಚಾರಿಸಿ. ಬಂದವರಿಗೆ ಹೂಗುಚ್ಛದ ಜೊತೆ ಸಂಭಾವನೆಯನ್ನೂ ಕೊಡಿ. ಬೇರೆ ವಿಷಯದ ತರಬೇತುದಾರರಿಗೆ ಕೊಡುತ್ತೀರಲ್ಲ, ಅಷ್ಟೇ ಕೊಡಿ.

ಇನ್ನೊಂದು, ಇದು ಇವತ್ತೇ ಆಗಬೇಕು. ಕಾರ್ಯಕ್ರಮದ ಆಹ್ವಾನವನ್ನು ಬರೀ ಪೋಸ್ಟರ್ ಚಿತ್ರ ಮಾಡಿ ಮೇಲ್‌ನಲ್ಲಿ ಕಳಿಸಬೇಡಿ. ದಿನಾಂಕ, ಸಮಯ, ಯಾವ ಮಹಡಿ ಅನ್ನೋದನ್ನು ಕೆಳಗೆ ಟೈಪ್ ಮಾಡಿ.