ಕೆಳಗೆ ಅಂಗಡಿ, ಮೇಲೆ ಮನೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಲಂಡನ್ನಿನ ಹಳೆಯ ಬೀದಿಗಳ ಚಿತ್ರಗಳಲ್ಲಿ ಮೇಲಿನ ಮಹಡಿಗಳಿಗೆಲ್ಲ ದಪ್ಪ ಇಟ್ಟಿಗೆ ಗೋಡೆಯಿದ್ದು, ನೆಲ ಮಹಡಿಯಲ್ಲಿ ಮಾತ್ರ ಈ ಬದಿಯಿಂದ ಆ ಬದಿಯವರೆಗೆ ಗಾಜೇ ಕಾಣುತ್ತದೆ. ಇವು ಮೊದಲು ವಾಸದ ಮನೆಗಳಾಗಿದ್ದವಂತೆ. ಹಾಗಾದರೆ ಮೇಲಿನ ಗೋಡೆಯ ಭಾರವನ್ನು ಹೊತ್ತಿರುವುದು ಏನು?

ಉತ್ತರ: ಅಂಗಡಿಯ ಹೆಸರು ಬರೆದಿರುವ ಉದ್ದನೆಯ ಫಲಕದ ಹಿಂದೆ ಅಡಗಿರುವ ತೊಲೆ. ಆ ಊರಿನ ಸಾಲುಮನೆಗಳಲ್ಲಿ ಎರಡು ಪಕ್ಕದ ಗೋಡೆಗಳು ನೆರೆಮನೆಗಳಿಗೂ ಸೇರಿದವು, ಅವುಗಳನ್ನು ಮುಟ್ಟುವಂತಿಲ್ಲ. ಆದ್ದರಿಂದ ಮನೆಯನ್ನು ಅಂಗಡಿಯಾಗಿ ಮಾಡುವವರು ಕೈಹಾಕಿದ್ದು ಬೀದಿಗೆದುರಾದ ಗೋಡೆಗೆ. ಮೇಲಿನ ಭಾಗಕ್ಕೆ ತಾತ್ಕಾಲಿಕ ಆಸರೆ ಕೊಟ್ಟು, ಪಕ್ಕದ ಗೋಡೆಯಿಂದ ಪಕ್ಕದ ಗೋಡೆಗೆ ಒಂದು ದಪ್ಪ ಮರದ ತೊಲೆಯನ್ನು ಸೇರಿಸಿ, ಅದರ ಕೆಳಗಿನ ಇಟ್ಟಿಗೆಯನ್ನೆಲ್ಲ ತೆಗೆದುಹಾಕುತ್ತಿದ್ದರು. ಇಂಗ್ಲೆಂಡಿನ ಬಡಗಿಗಳು ಇಂಥ ತೊಲೆಯನ್ನು ‘ಬ್ರೆಸಮರ್’ ಎನ್ನುತ್ತಾರೆ. 19ನೆಯ ಶತಮಾನದಲ್ಲಿ ಎರಕದ ಕಬ್ಬಿಣದ ತೆಳುವಾದ ಕಂಬಗಳು ಅದಕ್ಕೆ ಆಸರೆಯಾಗಿ ಬಂದವು. ಮುಂದೆ ಉಕ್ಕಿನ ತೊಲೆಗಳೇ ಅದರ ಜಾಗವನ್ನು ಹಿಡಿದವು. ಮುಂಗಟ್ಟಿನ ಎರಡು ಅಂಚುಗಳಲ್ಲಿ ಕಾಣುವ ಅಲಂಕಾರದ ಚಪ್ಪಟೆ ಕಂಬಗಳು ಸಾಮಾನ್ಯವಾಗಿ ಏನನ್ನೂ ಹೊತ್ತಿರುವುದಿಲ್ಲ. ಅಷ್ಟೊಂದು ಗಾಜಿನ ಮೇಲೆ ಅಷ್ಟೊಂದು ಇಟ್ಟಿಗೆಯನ್ನು ಕಂಡವರ ಕಣ್ಣಿಗೆ ಧೈರ್ಯ ಹೇಳುವುದೇ ಅವುಗಳ ಕೆಲಸ.

ಮರದ ತೊಲೆಗೆ ಎರಡು ಶತ್ರುಗಳಿವೆ. ಗೋಡೆಯೊಳಗೆ ಹೂತ ಅದರ ತುದಿಗಳು ತೇವ ಹೀರಿ ಕೊಳೆಯುತ್ತವೆ. ಪೂರ್ತಿ ಒಣಗದ ಮರವನ್ನು ಬಳಸಿದ್ದರೆ ಅದು ಕೂತಲ್ಲೇ ಕುಗ್ಗಿ, ನಡುವೆ ಜೋಲುತ್ತದೆ. ಎದುರು ಬದಿಯಲ್ಲಿ ನಿಂತು ಮೊದಲ ಮಹಡಿಯ ಕಿಟಕಿಗಳ ತಳಗಟ್ಟನ್ನು ಗಮನಿಸಿರಿ. ಅವು ಎರಡು ಬದಿಗಳಿಂದಲೂ ಮುಂಗೋಡೆಯ ನಡುಭಾಗದ ಕಡೆಗೆ ವಾಲಿದ್ದು, ಮೇಲಿನ ಇಟ್ಟಿಗೆಯಲ್ಲಿ ಮೆಟ್ಟಿಲಿನಾಕಾರದ ಬಿರುಕುಗಳಿದ್ದರೆ, ಫಲಕದ ಹಿಂದೆ ಏನು ನಡೆದಿದೆಯೆಂದು ಅದನ್ನು ಬಿಚ್ಚದೆಯೇ ಊಹಿಸಬಹುದು.

ಪ್ರಶ್ನೆ: ಕೆಲವು ಹಳೆಯ ಮುಂಗಟ್ಟುಗಳಲ್ಲಿ ಸಣ್ಣ ಸಣ್ಣ ಚೌಕಗಳ ಗಾಜು, ಕೆಲವದರಲ್ಲಿ ಅಖಂಡ ಗಾಜು ಇರುತ್ತದೆ. ಇದು ಕೇವಲ ಅಭಿರುಚಿಯ ವಿಚಾರವೇ?

ಉತ್ತರ: ಬಹುಮಟ್ಟಿಗೆ ಅಲ್ಲ. ಊದಿ, ತಿರುಗಿಸಿ, ತಟ್ಟೆಯಂತೆ ಹರಡಿದ ಗಾಜಿನಿಂದ ಕತ್ತರಿಸಬಹುದಾದ ತುಂಡುಗಳು ಚಿಕ್ಕವು. ಅದರ ಮೇಲೆ ಬ್ರಿಟನ್ನಿನಲ್ಲಿ ಗಾಜಿಗೆ ತೂಕದ ಲೆಕ್ಕದಲ್ಲಿ ಸುಂಕವಿತ್ತು. ಸುಂಕ ರದ್ದಾದದ್ದು 1845ರಲ್ಲಿ. ಆಮೇಲೆ ದೊಡ್ಡ ಹಾಳೆಗಳು ಅಗ್ಗವಾಗುತ್ತ ಹೋದಂತೆ ಕಿಟಕಿಯ ಅಡ್ಡಪಟ್ಟಿಗಳು ಮಾಯವಾದವು. ಬೀದಿಗೆ ಬಾಗಿ ಬರುವ ಕಿಟಕಿಗಳಿಗೆ ಕಾನೂನಿನ ಕಡಿವಾಣವೂ ಇತ್ತು: ಲಂಡನ್ನಿನ 1774ರ ಕಟ್ಟಡ ಕಾಯಿದೆಯ ಪ್ರಕಾರ ಅಗಲವಾದ ಬೀದಿಯಲ್ಲಿಯೂ ಮುಂಗಟ್ಟು 10 ಅಂಗುಲಕ್ಕಿಂತ ಹೆಚ್ಚು ಮುಂದೆ ಚಾಚುವಂತಿರಲಿಲ್ಲ.

ಪ್ರಶ್ನೆ: ಇಂಥ ಕಟ್ಟಡಗಳಲ್ಲಿ ಕೆಳಗೆ ವ್ಯಾಪಾರ ಜೋರಾಗಿದ್ದರೂ ಮೇಲಿನ ಮಹಡಿಗಳು ಪಾಳುಬಿದ್ದಿರುವುದೇಕೆ?

ಉತ್ತರ: ನನ್ನ ಮಟ್ಟಿಗೆ ಇದೇ ಮುಖ್ಯ ಪ್ರಶ್ನೆ; ಗಾಜು, ಕಂಬಗಳ ಮಾತೆಲ್ಲ ಇದರ ನಂತರದ್ದು. ಕಿರಿದಾದ ಪಟ್ಟಣದ ಮನೆಯಲ್ಲಿ ಮುಂಬಾಗಿಲಿನಿಂದ ಒಂದು ಓಣಿಯಂಥ ದಾರಿ, ಮುಂದಿನ ಕೋಣೆಯ ಪಕ್ಕದಲ್ಲೇ ಹಾದು, ಮೆಟ್ಟಿಲಿಗೆ ಹೋಗುತ್ತದೆ. ಅಂಗಡಿಯವರ ಕಣ್ಣು ಬೀಳುವುದು ಆ ಮೂರೂವರೆ ಅಡಿಯ ಮೇಲೆ. ನಡುವಿನ ತಡಿಕೆಯನ್ನು ಕಿತ್ತು, ದಾರಿಯನ್ನೂ ಅಂಗಡಿಗೆ ಸೇರಿಸಿಕೊಂಡರೆ ಶೋಕೇಸು ಅಷ್ಟು ಅಗಲವಾಗುತ್ತದೆ ನಿಜ. ಆದರೆ ಮೇಲಿನ ಎರಡು ಮೂರು ಮಹಡಿಗಳಿಗೆ ಅಂಗಡಿಯೊಳಗಿಂದಲ್ಲದೆ ಬೇರೆ ದಾರಿ ಉಳಿಯುವುದಿಲ್ಲ, ರಾತ್ರಿ ಬೀಗ ಹಾಕಿದ ಅಂಗಡಿಯನ್ನು ಹಾದು ಮನೆಗೆ ಹೋಗಲು ಯಾವ ಬಾಡಿಗೆದಾರನೂ ಒಪ್ಪುವುದಿಲ್ಲ. ಅಂಗಡಿಗೆ ತೆರೆದುಕೊಂಡ ಮೆಟ್ಟಿಲು ಬೆಂಕಿ ಬಿದ್ದಾಗ ಹೊಗೆಕೊಳವೆಯಾಗುವುದರಿಂದ ವಾಸಕ್ಕೆ ಅನುಮತಿ ಸಿಗುವುದೂ ಕಷ್ಟ. ಮೊದಲು ಮೇಲೆ ಸರಕು ಪೇರಿಸುತ್ತಾರೆ, ಆಮೇಲೆ ಖಾಲಿ ಡಬ್ಬಗಳನ್ನು, ಆಮೇಲೆ ಯಾರೂ ಹತ್ತುವುದೇ ಇಲ್ಲ. ಸೂರಿನ ಕಾಲುವೆಯಲ್ಲಿ ಎಲೆ ಕಟ್ಟಿಕೊಂಡು ನೀರು ಗೋಡೆಗೆ ಇಳಿಯತೊಡಗಿದ್ದು ಗೊತ್ತಾಗುವುದು ಅದು ಅಂಗಡಿಯ ಮಾಳಿಗೆಗೆ ಬಂದು ಮುಟ್ಟಿದ ಮೇಲೆ.

ಇದನ್ನು ಮೊದಲೇ ಯೋಚಿಸಿದವರೂ ಇದ್ದರು. ಲಂಡನ್ನಿನ ಆರ್ಟಿಲರಿ ಲೇನಿನ 56ನೆಯ ಸಂಖ್ಯೆಯ ಮನೆಗೆ 1750ರ ದಶಕದಲ್ಲಿ ರೇಷ್ಮೆ ವ್ಯಾಪಾರಕ್ಕಾಗಿ ಮುಂಗಟ್ಟು ಕೂರಿಸಿದಾಗ, ಬಾಗಿದ ಎರಡು ಕಿಟಕಿಗಳ ನಡುವೆ ಅಂಗಡಿಯ ಬಾಗಿಲನ್ನೂ, ಅದಕ್ಕೆ ಹೊರತಾಗಿ ಪಕ್ಕದಲ್ಲಿ ಮನೆಯ ಬಾಗಿಲನ್ನೂ ಇಟ್ಟರು. ಬಾಸ್ಟನ್ನಿನ ನ್ಯೂಬರಿ ಬೀದಿಯ ಪರಿಹಾರ ಇನ್ನೊಂದು ಬಗೆಯದು. ಅಲ್ಲಿನ 19ನೆಯ ಶತಮಾನದ ಸಾಲುಮನೆಗಳಿಗೆ ಅರ್ಧ ನೆಲದೊಳಗೆ ಇಳಿದ ಅಡಿಮಹಡಿಯೂ, ಹೊರಮೆಟ್ಟಿಲು ಹತ್ತಿ ಪ್ರವೇಶಿಸುವ ಪಡಸಾಲೆಯ ಮಹಡಿಯೂ ಇದ್ದವು. ವ್ಯಾಪಾರ ಬಂದಾಗ ಕೆಲವು ಮೆಟ್ಟಿಲು ಇಳಿದು ಹೋಗುವ ಒಂದು ಅಂಗಡಿ, ಹತ್ತಿ ಹೋಗುವ ಇನ್ನೊಂದು ಅಂಗಡಿ ಎಂದು ಎಷ್ಟೋ ಮನೆಗಳು ಮುಖವನ್ನು ಪೂರ್ತಿ ಒಡೆಸಿಕೊಳ್ಳದೆಯೇ ಎರಡು ಬಾಡಿಗೆ ಗಳಿಸಿದವು.

ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಇಟಲಿಯ ರೋಮನ್ ಪಟ್ಟಣ ಪಾಂಪೇಯಿಯಲ್ಲಿ ಅದಕ್ಕೂ ಮೊದಲೇ ಶ್ರೀಮಂತರ ಮನೆಬಾಗಿಲಿನ ಇಕ್ಕೆಲಗಳಲ್ಲಿ ಬೀದಿಗೆ ತೆರೆದ ಅಂಗಡಿ ಕೋಣೆಗಳಿದ್ದವು. ಹಲಗೆಗಳನ್ನು ಸಾಲಾಗಿ ನಿಲ್ಲಿಸಿ ಮುಚ್ಚಲು ಹೊಸ್ತಿಲ ಕಲ್ಲಿನಲ್ಲಿ ಕೊರೆದ ಉದ್ದನೆಯ ತೋಡು ಇಂದಿಗೂ ಕಾಣುತ್ತದೆ. ಅಲ್ಲಿಯೂ ನಡುವಿನ ಮನೆಬಾಗಿಲಿಗೆ ಯಾರೂ ಕೈಹಚ್ಚಿರಲಿಲ್ಲ.

ಪ್ರಶ್ನೆ: ಹಳೆಯ ಮನೆಯನ್ನು ಜೀರ್ಣೋದ್ಧಾರ ಮಾಡುವಾಗ, ನಂತರ ಸೇರಿಸಿದ ಅಂಗಡಿ ಮುಂಗಟ್ಟನ್ನು ತೆಗೆದು ಮೂಲದ ಗೋಡೆಯನ್ನೇ ಮತ್ತೆ ಕಟ್ಟುವುದು ಸರಿಯಲ್ಲವೇ?

ಉತ್ತರ: ಮುಂಗಟ್ಟಿಗೆ ನೂರು ವರ್ಷ ದಾಟಿದ್ದು, ಕೆಲಸ ಒಳ್ಳೆಯದಿದ್ದರೆ ಬೇಡವೆನ್ನುತ್ತೇನೆ. ಹಳೆಯ ಕಟ್ಟಡಗಳ ಸಂರಕ್ಷಣೆಯ ಬಗ್ಗೆ ಅಂತರರಾಷ್ಟ್ರೀಯ ತಜ್ಞರು ಒಪ್ಪಿದ 1964ರ ವೆನಿಸ್ ಸನ್ನದಿನ 11ನೆಯ ವಿಧಿಯು, ಕಟ್ಟಡಕ್ಕೆ ಎಲ್ಲ ಕಾಲಗಳೂ ಕೊಟ್ಟ ಯೋಗ್ಯ ಕೊಡುಗೆಗಳನ್ನು ಗೌರವಿಸಬೇಕು, ಶೈಲಿಯ ಏಕರೂಪತೆ ಜೀರ್ಣೋದ್ಧಾರದ ಗುರಿಯಲ್ಲ ಎನ್ನುತ್ತದೆ. ಮೂಲದ ಗೋಡೆ ಹೇಗಿತ್ತೆಂಬುದಕ್ಕೆ ಆಧಾರವಿಲ್ಲದೆ ಕಟ್ಟಿದರೆ ಅದು ನಮ್ಮ ಕಲ್ಪನೆಯ ಗೋಡೆಯಾಗುತ್ತದೆ. ಇತ್ತೀಚೆಗೆ ಮೆತ್ತಿದ ಪ್ಲಾಸ್ಟಿಕ್ ಫಲಕದ ಮಾತು ಬೇರೆ. ಅದನ್ನು ಧಾರಾಳವಾಗಿ ತೆಗೆಯಿರಿ, ಆದರೆ ಮೆಲ್ಲಗೆ, ಏಕೆಂದರೆ ಅದರ ಹಿಂದೆ ಹಳೆಯ ಮರದ ಫಲಕ ಹಾಗೇ ಉಳಿದಿರುವುದುಂಟು.

ಪ್ರಶ್ನೆ: ಮೇಲಿನ ಮಹಡಿಯಲ್ಲಿ ಪುಸ್ತಕದಂಗಡಿ ಇಡಬಹುದೇ?

ಉತ್ತರ: ಎಂಜಿನಿಯರರು ಜಂತೆಗಳನ್ನು ನೋಡುವವರೆಗೆ ಇಡಬೇಡಿ. ಬ್ರಿಟಿಷ್ ಲೆಕ್ಕದಲ್ಲಿ ವಾಸದ ಮನೆಯ ನೆಲಕ್ಕೆ ಚದರ ಮೀಟರಿಗೆ ಸುಮಾರು 150 ಕಿಲೋ ಭಾರವನ್ನೂ, ಅಂಗಡಿಯ ನೆಲಕ್ಕೆ ಸುಮಾರು 400 ಕಿಲೋ ಭಾರವನ್ನೂ ಹಿಡಿಯುತ್ತಾರೆ. ಪುಸ್ತಕಗಳ ಕಪಾಟುಗಳನ್ನು ಒತ್ತೊತ್ತಾಗಿ ಜೋಡಿಸಿದರೆ ಈ ಎರಡನೆಯ ಅಂಕಿಯೂ ಸಾಲದೆ ಹೋಗಬಹುದು.